ಕಮಾನುಪಟ್ಟಿಯ ಗುಣದೋಷಗಳು: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಜಲ್ಲಿಹಾದಿಗಳ ದೃಷ್ಟಿಯಿಂದ

ಜಲ್ಲಿಹಾದಿಗಳಲ್ಲಿ ಓಡಿಸುವುದಕ್ಕೆಂದೇ ರಚಿತವಾದ ಒಂದು ಬಗೆಯ ಸೈಕಲ್ಲು ಈಚಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಹೊರದೇಶಗಳಲ್ಲಿ ಪ್ರಚಾರಕ್ಕೆ ಬಂದು, ಈಗ ನಮ್ಮ ದೇಶದ ದೊಡ್ಡ ಊರುಗಳಲ್ಲಿಯೂ ದೊರೆಯುತ್ತಿದೆ. ಗ್ರಾವೆಲ್ ಸೈಕಲ್ಲೆಂದು ಇದರ ಹೆಸರು. ಇದರ ಮುಂಚಕ್ರವನ್ನು ಹಿಡಿದಿರುವ ಫೋರ್ಕಿಗೆ ಕುಲುಕನ್ನು ತಡೆಯುವ ಸಾಧನವೊಂದನ್ನು ಜೋಡಿಸಬೇಕೆ ಬೇಡವೆ, ಜೋಡಿಸುವುದಾದರೆ ಅದು ಕೊಳವೆಯೊಳಗೆ ಕೊಳವೆ ಜಾರುವ ಬಗೆಯದಾಗಿರಬೇಕೆ ಅಥವಾ ಕಮಾನುಪಟ್ಟಿಯದಾಗಿರಬೇಕೆ ಎಂಬ ವಿಷಯದಲ್ಲಿ ಸವಾರರಲ್ಲಿಯೂ ತಯಾರಕರಲ್ಲಿಯೂ ಭಿನ್ನಾಭಿಪ್ರಾಯಗಳುಂಟು. ಯಂತ್ರಶಾಸ್ತ್ರಕ್ಕೆ ಸೇರಿದ ಈ ವಾದದಲ್ಲಿ ಚರಿತ್ರೆಯ ಅಭ್ಯಾಸಿಗಳಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಕಮಾನುಪಟ್ಟಿಗೂ ಜಲ್ಲಿಹಾದಿಗೂ ಇರುವ ನಂಟು ಇಂದು ನೆನ್ನೆಯದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಎತ್ತಿನ ಗಾಡಿ, ಜಟಕಾ, ಟೈರುಗಾಡಿ, ಸೈಕಲ್ಲು ಎಂಬ ನಾಲ್ಕು ವಾಹನಗಳು ಒಂದಾದಮೇಲೊಂದರಂತೆ ಇದೇ ಪ್ರಶ್ನೆಯನ್ನು ಎದುರಿಸಿ ತಮ್ಮ ತಮ್ಮ ಉತ್ತರಗಳನ್ನು ಕೊಟ್ಟಿವೆ. ಆ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಹೊಸ ಫೋರ್ಕಿನ ಗುಣದೋಷಗಳನ್ನು ತೂಗುವುದಕ್ಕೆ ಒಂದು ಅಳತೆಗೋಲು ಸಿಕ್ಕುವುದೆಂದು ನಾವು ನಂಬಿದ್ದೇವೆ. ಕುಲುಕಿನಿಂದ ಯಾರನ್ನು ಪಾರುಮಾಡಬೇಕು, ಕುಳಿತವನನ್ನೋ, ಹೇರನ್ನೋ, ಎಳೆಯುವ ಪ್ರಾಣಿಯನ್ನೋ, ದಾರಿಯನ್ನೋ ಎಂಬುದೇ ಆ ಅಳತೆಗೋಲು.

ಮೊದಲು ಹೆಸರಿನ ವಿಚಾರ. ಉಕ್ಕಿನ ಚಪ್ಪಟೆ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಕೊಂಚ ಬಾಗಿಸಿ, ನಡುವೆ ಅಚ್ಚಿಗೂ ತುದಿಗಳಲ್ಲಿ ಗಾಡಿಯ ಒಡಲಿಗೂ ಬಿಗಿದರೆ ಕಮಾನುಪಟ್ಟಿಯಾಗುತ್ತದೆ. ಇಂಗ್ಲಿಷರು ಪಟ್ಟಿಗಳ ತೆಳುವನ್ನು ಕಂಡು ಅದಕ್ಕೆ ಎಲೆಯ ಹೆಸರನ್ನಿಟ್ಟರು. ನಮ್ಮವರು ಅದರ ಬಾಗನ್ನು ಕಂಡರು. ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ಅದು ವಿಲ್ಲು, ಎಂದರೆ ಬಿಲ್ಲು. ನಾವು ಬಳಸುವ ಕಮಾನು ಎಂಬುದು ಪಾರಸಿಯಿಂದ ಬಂದ ಮಾತು. ಅದರ ಅರ್ಥವೂ ಬಿಲ್ಲೇ. ಗಾಡಿಯ ಮೇಲೆ ಬಿದಿರಿನಿಂದ ಬಾಗಿಸಿ ಕಟ್ಟುವ ಮಾಡಿಗೂ ಕಮಾನೆಂಬ ಹೆಸರೇ ಸಲ್ಲುವುದರಿಂದ, ಹಳೆಯ ಬರಹಗಳಲ್ಲಿ ಕಮಾನುಗಾಡಿ ಎಂಬ ಮಾತು ಬಂದಲ್ಲೆಲ್ಲ ಅಡಿಯಲ್ಲಿ ಉಕ್ಕಿನ ಪಟ್ಟಿಗಳಿದ್ದುವೆಂದು ಊಹಿಸಿಬಿಡುವುದು ತರವಲ್ಲ. ಬಹಳ ಕಡೆ ಆ ಕಮಾನು ತಲೆಯ ಮೇಲಿನದು, ಅಚ್ಚಿನ ಮೇಲಿನದಲ್ಲ.

ಹದಿನೆಂಟನೆಯ ಶತಮಾನದ ಕೊನೆಯವರೆಗೂ ಈ ಸೀಮೆಯಲ್ಲಿ ಕಮಾನುಪಟ್ಟಿಯ ಮಾತಿರಲಿ, ಚಕ್ರದ ಬಳಕೆಯೇ ಕಡಮೆಯಾಗಿದ್ದಿತು. ಸರಕೆಲ್ಲ ಹೇರೆತ್ತುಗಳ ಬೆನ್ನಿನ ಮೇಲೆ ಸಾಗುತ್ತಿದ್ದಿತು. ಚಕ್ರಗಳ ಮೇಲೆ ಅತಿ ಭಾರದ ವಸ್ತುಗಳನ್ನು ಇಲ್ಲಿಗೆ ಎಳೆದುತಂದವರು ಸೈನ್ಯಗಳವರು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಟಿಪ್ಪುವಿನ ಸೈನ್ಯದೊಡನೆ ಕಾದಿದ ಮೇಲೆ, ಎಳೆಯುವ ಎತ್ತುಗಳು ಮೇವಿಲ್ಲದೆಯೂ ರೋಗದಿಂದಲೂ ಸತ್ತುಹೋದ ಕಾರಣ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕದನ ಮಾಡಿ ಶ್ರೀರಂಗಪಟ್ಟಣದತ್ತ ನಡೆದ ಜನರಲ್ ಹ್ಯಾರಿಸನ ದಂಡಿಗೂ ಎತ್ತುಗಳೇ ಆಧಾರ. ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮದ್ದೂರು ಮಂಡ್ಯಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬಂದನು. ಆತನು ಕಂಡದ್ದು ಯುದ್ಧದಿಂದ ನೊಂದ ನಾಡು. ಗಾಡಿಯ ದಾರಿಯೆಂದು ಹೇಳಿಕೊಳ್ಳತಕ್ಕ ದಾರಿಗಳು ಅದರಲ್ಲಿ ವಿರಳ.

ಗಾಡಿಗಳು ಹಬ್ಬಿದ್ದು ಮಾರ್ಕ್ ಕಬ್ಬನನು ಕಮಿಷನರಾಗಿದ್ದ 1834ರಿಂದ 1861ರವರೆಗಿನ ಕಾಲದಲ್ಲಿ ರಸ್ತೆಗಳು ಬೆಳೆದ ಮೇಲೆ. ಇಂಗ್ಲೆಂಡಿನಲ್ಲಿ ಮೆಕಾಡಮನು ಪ್ರಚಾರಕ್ಕೆ ತಂದಿದ್ದ ಜಲ್ಲಿ ರಸ್ತೆಯ ಪದ್ಧತಿ, ಎಂದರೆ ಕಲ್ಲನ್ನು ಸಣ್ಣಗೆ ಒಡೆದು ಪದರಪದರವಾಗಿ ಹರಡಿ ಗಟ್ಟಿಮಾಡುವುದು, ಇಲ್ಲಿಯೂ ಅನುಸರಣೆಗೆ ಬಂದಿತು. ಹೆದ್ದಾರಿಗೆ ಜಲ್ಲಿ, ಹಳ್ಳಿಯ ದಾರಿಗೆ ಗರಸು, ಹೊಲದ ದಾರಿಗೆ ಬರಿಯ ಕೆಮ್ಮಣ್ಣು. ಈ ಮೂರು ಅಂತಸ್ತುಗಳು ಇಂದಿಗೂ ನಮ್ಮ ಸೀಮೆಯಲ್ಲಿ ಪೂರ್ತಿಯಾಗಿ ಅಳಿದಿಲ್ಲ.

ಆ ರಸ್ತೆಗಳ ಮೇಲೆ ಓಡಾಡಿದ ಎತ್ತಿನ ಗಾಡಿಯಲ್ಲಿ ಕಮಾನುಪಟ್ಟಿಯಿರಲಿಲ್ಲ. ಒಡಲು ಅಚ್ಚಿನ ಮೇಲೆ ನೇರವಾಗಿ ಕುಳಿತಿರುತ್ತಿದ್ದಿತು. ಅಚ್ಚು, ಗುಂಬ, ಅರೆಕಾಲು, ಹೊರಗೆ ಬಿಗಿದ ಕಬ್ಬಿಣದ ಪಟ್ಟೆ, ಇವುಗಳ ಮೂಲಕ ದಾರಿಯ ಪ್ರತಿಯೊಂದು ಕಲ್ಲಿನ ಸಮಾಚಾರವೂ ಮೇಲೆ ಕುಳಿತವನ ಬೆನ್ನುಮೂಳೆಗೆ ಯಥಾವತ್ತಾಗಿ ತಲಪುತ್ತಿದ್ದಿತು. ಹಾಗೆಂದು ಈ ಗಾಡಿಯನ್ನು ಮಾಡಿದ ಬಡಗಿಯು ಕುಲುಕಿನ ವಿಚಾರವನ್ನು ಅರಿಯದವನೆಂದು ಭಾವಿಸುವುದು ತಪ್ಪು. ಅವನು ಚಕ್ರವನ್ನು ದೊಡ್ಡದು ಮಾಡಿದನು. ಆಳೆತ್ತರಕ್ಕೆ ಸಮೀಪವಾದ ಚಕ್ರವು ಸಣ್ಣ ಗುಂಡಿಯೊಳಕ್ಕೆ ಇಳಿಯುವುದಿಲ್ಲ, ಕಲ್ಲನ್ನು ಹತ್ತುವಾಗ ನಿಧಾನವಾಗಿ ಹತ್ತುತ್ತದೆ. ಎತ್ತಿನ ನಡಿಗೆಯೂ ಗಂಟೆಗೆ ಎರಡು ಎರಡೂವರೆ ಮೈಲಿ ಮಾತ್ರ. ಮಿಕ್ಕ ಕೆಲಸವನ್ನು ಹುಲ್ಲು ಮಾಡುತ್ತಿದ್ದಿತು. ಮದುವೆಗೋ ಜಾತ್ರೆಗೋ ಹೊರಟಾಗ ಗಾಡಿಯಲ್ಲಿ ಹುಲ್ಲನ್ನು ಮಂದವಾಗಿ ಹಾಸಿ, ಮೇಲೆ ಜಮಖಾನವನ್ನೋ ಗೋಣಿತಾಟನ್ನೋ ಹರಡಿ, ಮುದುಕರನ್ನೂ ಬಾಣಂತಿಯರನ್ನೂ ಕೂರಿಸುವುದು ಹಳೆಯ ರೂಢಿ. ಹೋಗುವಾಗ ಮೆತ್ತೆಯಾಗಿದ್ದ ಆ ಹುಲ್ಲೇ ತಂಗಿದ ಕಡೆ ಎತ್ತುಗಳಿಗೆ ಮೇವೂ ಆಗುತ್ತಿದ್ದಿತು. ಕುಲುಕನ್ನು ತಡೆಯುವ ಸಾಧನಗಳಲ್ಲಿ ಇಷ್ಟು ಅಗ್ಗವಾದದ್ದನ್ನು ನಾವು ಬೇರೆ ಕಾಣೆವು. ಹಿಂದಿರುಗುವಾಗ ಮೆತ್ತೆ ತೆಳುವಾಗಿರುತ್ತಿದ್ದುದು ಅದರ ದೋಷ.

ಕಮಾನುಪಟ್ಟಿಯನ್ನು ಈ ಸೀಮೆಗೆ ಪರಿಚಯಮಾಡಿದ ಶ್ರೇಯಸ್ಸು ಬಹುಮಟ್ಟಿಗೆ ಕುದುರೆಗಾಡಿಗೆ ಸಲ್ಲತಕ್ಕದ್ದು. ಎರಡು ಕಮಾನುಗಳನ್ನು ಎದುರುಬದುರಾಗಿ ಜೋಡಿಸಿ ಅಚ್ಚಿನ ಮೇಲೆ ಒಡಲನ್ನು ತೂಗಿಬಿಡುವ ವಿಧಾನಕ್ಕೆ ಒಬಡೈಯ ಎಲಿಯಟ್ ಎಂಬ ಲಂಡನ್ನಿನ ಗಾಡಿ ತಯಾರಕನು 1804ರ ಸುಮಾರಿಗೆ ಹಕ್ಕುಪತ್ರ ಪಡೆದನು. ಆ ಶತಮಾನದಲ್ಲಿ ಬಗ್ಗಿ, ಸಾರೋಟು, ಜಟಕಾ ಮೊದಲಾದ ರೂಪಗಳಲ್ಲಿ ಕಮಾನುಪಟ್ಟಿಯು ಮದರಾಸು ಮೈಸೂರು ಪ್ರಾಂತಗಳಲ್ಲಿ ಬಳಕೆಗೆ ಬಂದಿತು. 1881–82ರಲ್ಲಿ ಬೆಂಗಳೂರು ಮೈಸೂರುಗಳ ನಡುವೆ ಮೀಟರ್ ಗೇಜ್ ರೈಲು ಓಡತೊಡಗಿದ ಮೇಲೆ ಮದ್ದೂರು, ಮಂಡ್ಯ ನಿಲ್ದಾಣಗಳ ಮುಂದೆ ಜಟಕಾಕ್ಕೆ ಕೆಲಸ ಹುಟ್ಟಿತು. ಮಳವಳ್ಳಿಗೆ ರೈಲು ಆಗಲೂ ಬರಲಿಲ್ಲ, ಈಗಲೂ ಬಂದಿಲ್ಲ. ಆದಕಾರಣ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಹದಿನೈದು ಮೈಲಿಯ ರಸ್ತೆಗೆ ಈ ಸೀಮೆಯ ವಾಹನಚರಿತ್ರೆಯಲ್ಲಿ ವಿಶೇಷ ಸ್ಥಾನವುಂಟು.

ಆ ರಸ್ತೆಯ ಮೇಲೆ ನಡೆದ ಒಂದು ಸಾಗಾಣಿಕೆಯನ್ನು ಇಲ್ಲಿ ನೆನೆಯಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತಷ್ಟೆ. ಅದಕ್ಕೆ ಬೇಕಾದ ಯಂತ್ರಗಳು ಅಮೆರಿಕದಿಂದಲೂ ಸ್ವಿಟ್ಸರ್ಲೆಂಡಿನಿಂದಲೂ ಹಡಗಿನಲ್ಲಿ ಬಂದು, ರೈಲಿನಲ್ಲಿ ಮದ್ದೂರು ತಲಪಿ, ಅಲ್ಲಿಂದ ಸುಮಾರು ಮೂವತ್ತು ಮೈಲಿ ದೂರವನ್ನು ಆನೆ, ಕುದುರೆ, ಎತ್ತುಗಳ ಬಲದಿಂದ ಕ್ರಮಿಸಿದುವು. ಆ ಕಾಲಕ್ಕೆ ಲೋಕದಲ್ಲಿಯೇ ಹೊಸದಾಗಿದ್ದ ಯಂತ್ರಗಳು ಅತಿ ಹಳೆಯ ಬಗೆಯ ಎಳೆತದಿಂದ ಸಾಗಿದುವೆಂಬುದು ಗಮನಿಸತಕ್ಕ ಸಂಗತಿ. ಅದೇ ರಸ್ತೆಯ ಮೇಲೆ ಜಟಕಾದಲ್ಲಿ ಕುಳಿತ ಗುಮಾಸ್ತನ ಅಡಿಯಲ್ಲಿ ಉಕ್ಕಿನ ಪಟ್ಟಿಗಳಿದ್ದುವು. ಭಾರವನ್ನು ಎಳೆದ ಪ್ರಾಣಿಗಳ ಹೆಗಲಿಗೆ ಅಂಥ ಯಾವ ಉಪಚಾರವೂ ಇರಲಿಲ್ಲ.

ಜಟಕಾದ ಕಮಾನುಪಟ್ಟಿಯಲ್ಲಿಯೂ ದೋಷಗಳಿದ್ದುವು; ಮುಂದೆ ಬರುವ ವಾದಕ್ಕೆ ಬೇಕಾಗಿರುವುದರಿಂದ ಅವನ್ನು ಕೊಂಚ ವಿವರಿಸುತ್ತೇವೆ. ಎರಡು ಚಕ್ರದ ಗಾಡಿಯನ್ನು ಪಟ್ಟಿಗಳ ಮೇಲೆ ತೂಗಿಬಿಟ್ಟಾಗ, ಕುದುರೆಯ ಓಟದ ಲಯಕ್ಕೆ ಒಡಲು ಮುಂದಕ್ಕೂ ಹಿಂದಕ್ಕೂ ತೊನೆಯುತ್ತದೆ. ಕೂತವರ ತೂಕ ಹಿಂದಕ್ಕೆ ಹೆಚ್ಚಾದರೆ ಕುದುರೆಯ ಹೊಟ್ಟೆಪಟ್ಟಿ ಮೇಲಕ್ಕೆ ಜಗ್ಗುತ್ತದೆ, ಮುಂದಕ್ಕೆ ಹೆಚ್ಚಾದರೆ ಬೆನ್ನಿನ ಮೇಲೆ ಭಾರ ಬೀಳುತ್ತದೆ. ಮುಂದೆ ಬನ್ನಿ ಸ್ವಾಮಿ, ಸ್ವಲ್ಪ ಹಿಂದಕ್ಕೆ ಸರಿಯಿರಿ ಎಂದು ಜಟಕಾದವನು ಹೆಜ್ಜೆಹೆಜ್ಜೆಗೂ ಕೂಗುತ್ತಿದ್ದುದು ಇದಕ್ಕಾಗಿಯೇ. ಕಮಾನುಪಟ್ಟಿಯು ಹೊಡೆತವನ್ನು ಹೀರುವುದೇನೋ ನಿಜ, ಆದರೆ ಹೀರಿದ್ದನ್ನು ಬೇಗನೆ ಹಿಂದಿರುಗಿಸುತ್ತದೆ. ಅನೇಕ ಪಟ್ಟಿಗಳಿದ್ದಲ್ಲಿ ಅವು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಪುಟಿತ ಕೊಂಚ ಅಡಗುವುದು. ಉಜ್ಜಾಟ ಹೆಚ್ಚಾದರೆ ಪಟ್ಟಿ ಬಿಗಿದು ಸಣ್ಣ ಕುಲುಕಿಗೆ ಬಾಗುವುದೇ ಇಲ್ಲ, ಗ್ರೀಸು ಹಚ್ಚಿ ಕಡಮೆ ಮಾಡಿದರೆ ತೊನೆದಾಟ ಹೆಚ್ಚುತ್ತದೆ. ಈ ಇಕ್ಕಟ್ಟು ಇನ್ನೂರು ವರ್ಷಗಳಿಂದ ಕಮಾನುಪಟ್ಟಿಯ ಬೆನ್ನು ಬಿಟ್ಟಿಲ್ಲ.

ಕಮಾನಿನ ಮೇಲೆ ಕೂರುವುದು ಸುಖದ ವಿಷಯವಾಗಿದ್ದಂತೆ ಮರ್ಯಾದೆಯ ವಿಷಯವೂ ಆಗಿದ್ದಿತೆಂಬುದಕ್ಕೆ ನೆರೆಯ ನಾಡಿನ ನಿದರ್ಶನವೊಂದು ಸಾಕು. ತಿರುವಾಂಕೂರಿನಲ್ಲಿ ಪುಲಯ ಜಾತಿಯವರಿಗೆ ಹೆದ್ದಾರಿಗಳಲ್ಲಿ ನಡೆಯುವುದಕ್ಕೇ ಅಡ್ಡಿಯಿದ್ದ ಕಾಲದಲ್ಲಿ, 1893ರಲ್ಲಿ, ಅಯ್ಯನ್‌ಕಾಳಿಯು ಒಂದು ವಿಲ್ಲುವಂಡಿಯನ್ನು ಕೊಂಡು ಅದರಲ್ಲಿ ಕುಳಿತು ಸಾರ್ವಜನಿಕ ರಸ್ತೆಯಲ್ಲಿ ಹೊರಟನು. ಆ ಪಯಣ ಕೇರಳದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಗಾಡಿ ಬಿಲ್ಲಿನದಾಗಿದ್ದುದು ಅಲ್ಲಿ ಆಕಸ್ಮಿಕವಲ್ಲವೆಂದು ನಮ್ಮ ಎಣಿಕೆ. ಸಾಮಾನು ಹೇರುವ ಗಾಡಿಯನ್ನು ನಡೆಸುವ ಆಳಿಗೆ ದಾರಿಯಲ್ಲಿ ಒಂದು ಬಗೆಯ ಪ್ರವೇಶ. ಕಮಾನಿನ ಮೇಲೆ ಕೂತು ಹೋಗುವ ಯಜಮಾನನಿಗೆ ಇನ್ನೊಂದು ಬಗೆಯದು. ಯಾರ ಮೈಯನ್ನು ಕುಲುಕಿನಿಂದ ಕಾಪಾಡಬೇಕೆಂದು ಸಮಾಜವು ತೀರ್ಮಾನಿಸಿತ್ತೋ ಅವರ ಅಡಿಗೆ ಮಾತ್ರ ಉಕ್ಕಿನ ಪಟ್ಟಿ ಬರುತ್ತಿದ್ದಿತು.

ಇನ್ನು ಹೇರಿನ ವಿಚಾರ. ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಪ್ರಾರಂಭವಾಯಿತು. 1930ರ ದಶಕದ ಆರಂಭಕ್ಕೆ ಹುಲಿಕೆರೆಯ ಸುರಂಗವನ್ನು ಹಾಯ್ದು ಇರ್ವಿನ್ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಹರಿಯಿತು. ಆ ನಾಲೆಗೆ ಈಗ ವಿಶ್ವೇಶ್ವರಯ್ಯನವರ ಹೆಸರಿದೆ. 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪೆನಿಯು ಮರುವರ್ಷ ಕಬ್ಬನ್ನು ಅರೆಯತೊಡಗಿತು. 1939ರ ಜುಲೈ 1ರಂದು ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ರಾಗಿಯ ಸೀಮೆಯು ಕಬ್ಬಿನ ಸೀಮೆಯಾದಾಗ ಗಾಡಿಯ ಕೆಲಸ ಪೂರ್ತಿಯಾಗಿ ಬದಲಾಯಿತು. ಅದುವರೆಗೆ ಗಾಡಿಯು ವರ್ಷಕ್ಕೆ ಕೆಲವು ದಿನ ಸಂತೆಗೂ ಕಣಕ್ಕೂ ಓಡುತ್ತಿದ್ದಿತು. ಈಗ ಅರೆಯುವ ಕಾಲದುದ್ದಕ್ಕೂ ದಿನವಹಿ ಕಾರ್ಖಾನೆಯ ಬಾಗಿಲಿಗೋ ಆಲೆಮನೆಯ ಅಂಗಳಕ್ಕೋ ಹಸಿಯ ಭಾರವನ್ನು ಹೊರಬೇಕಾಯಿತು. ಗದ್ದೆಯಿಂದ ನಾಲೆಯ ಏರಿಗೆ, ಏರಿಯಿಂದ ಗರಸು ದಾರಿಗೆ, ಅಲ್ಲಿಂದ ಜಲ್ಲಿ ರಸ್ತೆಗೆ ಎಂದು ಒಂದೇ ಪ್ರಯಾಣದಲ್ಲಿ ಮೂರು ಬಗೆಯ ನೆಲ.

ಇಷ್ಟಾದರೂ ಕಬ್ಬಿನ ಗಾಡಿಗೆ ಕಮಾನುಪಟ್ಟಿಯನ್ನು ಹಾಕಿಸುವುದು ಸಾಮಾನ್ಯ ರೂಢಿಯಾಗಲಿಲ್ಲ. ಇದನ್ನು ರೈತನ ಜಡತೆಯೆಂದು ಕರೆದು ಮುಗಿಸುವವರುಂಟು. ಆ ಮಾತನ್ನು ನಾವು ಒಪ್ಪೆವು. ಕಬ್ಬಿಗೆ ಕುಲುಕಿನಿಂದ ನಷ್ಟವಿಲ್ಲ. ಎತ್ತರಕ್ಕೆ ಪೇರಿಸಿದ ಹೊರೆಯು ಪಟ್ಟಿಗಳ ಮೇಲೆ ನಿಂತರೆ ಓರೆಯಾದ ದಾರಿಯಲ್ಲಿ ಪಕ್ಕಕ್ಕೆ ವಾಲುತ್ತದೆ. ಏರಿಯ ಮೇಲೆ ವಾಲಿದ ಗಾಡಿಯ ಗತಿ ನಾಲೆಯೇ. ಪಟ್ಟಿಯ ಕಬ್ಬಿಣಕ್ಕೆ ಹಣವೂ ಬೇಕು, ಅದರ ತೂಕವನ್ನು ಎತ್ತು ಎಳೆಯಲೂ ಬೇಕು. ಮುರಿದ ಅರೆಕಾಲನ್ನು ಊರಿನ ಬಡಗಿಯು ಸಂಜೆಯೊಳಗೆ ಹಾಕಿಕೊಡುವನು, ಮುರಿದ ಪಟ್ಟಿಗೆ ಅದೇ ಹದದ ಉಕ್ಕು ಊರಿನಲ್ಲಿ ಸಿಕ್ಕುವುದಿಲ್ಲ. ಇವೆಲ್ಲವೂ ಸಮರ್ಪಕವಾದ ಕಾರಣಗಳೇ. ಆದರೆ ಈ ಲೆಕ್ಕದಲ್ಲಿ ಎತ್ತಿನ ಹೆಗಲನ್ನು ಯಾರೂ ಸೇರಿಸಿರಲಿಲ್ಲವೆಂಬುದನ್ನೂ ಹೇಳಬೇಕು. ಹೇರಿನ ಗುರುತ್ವಕೇಂದ್ರವು ಅಚ್ಚಿಗಿಂತ ಮೇಲಿರುವುದರಿಂದ ಇಳಿಜಾರಿನಲ್ಲಿ ನೊಗದ ಮೇಲಿನ ಭಾರ ಹೆಚ್ಚುತ್ತದೆ, ಏರಿನಲ್ಲಿ ನೊಗವು ಮೇಲಕ್ಕೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಚಕ್ರವು ಗುಂಡಿಗೆ ಬಿದ್ದಾಗಲೆಲ್ಲ ಮೂಕಿಯ ಮೂಲಕ ಹೊಡೆತ ನೊಗಕ್ಕೆ ಹೋಗುತ್ತದೆ. ಹಳ್ಳಿಕಾರ್ ತಳಿಯ ಎತ್ತು ಎಳೆತಕ್ಕೆ ಪ್ರಸಿದ್ಧವಾದದ್ದು ನಿಜ. ಅದರ ಹೆಗಲಿನ ಜಡ್ಡು ಈ ಪ್ರಸಿದ್ಧಿಯ ಇನ್ನೊಂದು ಮುಖ.

ಎತ್ತಿನ ಪಾಲಿಗೆ ಬಂದ ಉತ್ತರ ಕಮಾನುಪಟ್ಟಿಯಲ್ಲ, ಗಾಳಿ ತುಂಬಿದ ಟೈರು. ಟೈರುಗಾಡಿಯಲ್ಲಿಯೂ ಒಡಲು ಅಚ್ಚಿನ ಮೇಲೆಯೇ ನೇರವಾಗಿ ಕುಳಿತಿರುವುದು. ಆದರೆ ನೆಲಕ್ಕೆ ತಗಲುವ ಭಾಗವೇ ಮೆತ್ತಗಿರುವುದರಿಂದ ಹೊಡೆತ ಹುಟ್ಟುವಲ್ಲಿಯೇ ಅಡಗುತ್ತದೆ. ಇದರಿಂದ ದಾರಿಗೂ ಉಪಕಾರವಾಯಿತು. ಕಬ್ಬಿಣದ ಪಟ್ಟೆಯು ಜಲ್ಲಿಯನ್ನು ಕೊರೆದು ಕೊರಕಲು ಮಾಡುತ್ತಿದ್ದರೆ ಅಗಲವಾದ ಟೈರು ಅದನ್ನು ಒತ್ತಿ ಕೂರಿಸುತ್ತಿದ್ದಿತು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಈ ವಿಷಯದ ಮೇಲೆ ಗಂಭೀರವಾದ ವ್ಯಾಸಂಗ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಎರಡು ಚಕ್ರದ ಎತ್ತಿನ ಗಾಡಿಯ ಬಲಾಬಲಗಳನ್ನು ಅಳೆದು 1979ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಬೆಂಗಳೂರು ಶಾಖೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಗಾಡಿಯ ಸುಧಾರಣೆಯನ್ನು ತಮ್ಮ ಬಾಳಿನ ಕೆಲಸವೆಂದೇ ಕೈಗೊಂಡು, ನೊಗ, ಚಕ್ರ, ಟೈರುಗಳ ವಿಷಯವನ್ನು ದೇಶದ ಮುಂದಿಟ್ಟರು. ಎತ್ತಿನ ಸಂಕಟವನ್ನು ಪಂಡಿತರು ಅಂಕಿ ಅಂಶಗಳಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು ಆಗಲೇ ಎಂದರೆ ಅತಿಶಯೋಕ್ತಿಯಾಗಲಾರದು.

ಇಲ್ಲಿ ಒಂದು ಕಹಿಯಾದ ಮಾತುಂಟು. ಕಬ್ಬಿಣದ ಪಟ್ಟೆಯ ಗಾಡಿಯಲ್ಲಿ ಒಂದು ಟನ್ನಿನ ಆಸುಪಾಸು ಹೇರುತ್ತಿದ್ದವರು ಟೈರುಗಾಡಿಯಲ್ಲಿ ಅದರ ಇಮ್ಮಡಿಯನ್ನು ಹೇರತೊಡಗಿದರು. ಎಳೆತ ಹಗುರವಾದದ್ದರಿಂದ ದೊರೆತ ಲಾಭ ಎತ್ತಿಗೆ ದಕ್ಕದೆ ಹೇರಿಗೆ ಹೋಯಿತು. ಕುಲುಕು ಕಡಮೆಯಾದಾಗ ಉಳಿಯುವ ಶಕ್ತಿಯನ್ನು ಯಾರು ಬಳಸಿಕೊಳ್ಳುತ್ತಾರೆಂಬುದನ್ನು ಸಾಧನ ತಯಾರಿಸಿದವನು ನಿರ್ಧರಿಸಲಾರನು. ಬರಬರುತ್ತ ಟ್ರ್ಯಾಕ್ಟರೂ ಲಾರಿಯೂ ಕಬ್ಬಿನ ಹೇರನ್ನು ಬಹುಮಟ್ಟಿಗೆ ತಮ್ಮದಾಗಿಸಿಕೊಂಡುವು. ಅವುಗಳ ಅಡಿಯಲ್ಲಿ ಕಮಾನುಪಟ್ಟಿಯೂ ಉಂಟು, ಗಾಳಿಯ ಟೈರೂ ಉಂಟು. ವೇಗ ಹೆಚ್ಚಿದಲ್ಲಿ ಎರಡೂ ಬೇಕಾಗುವುದೆಂಬುದಕ್ಕೆ ಅವು ಸಾಕ್ಷಿ.

ಈಗ ಸೈಕಲ್ಲಿಗೆ ಬರೋಣ. ಅದರ ಚರಿತ್ರೆಯಲ್ಲಿಯೂ ಇದೇ ಕ್ರಮ ಕಾಣಬರುತ್ತದೆ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮಿಶೋ ಮನೆತನದವರು ಮಾಡಿದ ಸೈಕಲ್ಲಿಗೆ ಮರದ ಚಕ್ರ, ಕಬ್ಬಿಣದ ಪಟ್ಟೆ. ಎಂದರೆ ಅದು ನಮ್ಮ ಗಾಡಿಯ ಚಕ್ರವೇ. ಕುಲುಕನ್ನು ತಾಳಲಾರದೆ ಅವರು ಆಸನವನ್ನು ಉದ್ದವಾದ ಒಂದು ಕಮಾನುಪಟ್ಟಿಯ ಮೇಲೆ ಕೂರಿಸಿದರು. ಅಷ್ಟಾದರೂ ಇಂಗ್ಲೆಂಡಿನವರು ಅದನ್ನು ಮೂಳೆ ಅಲುಗಿಸುವ ಯಂತ್ರವೆಂದು ಹಾಸ್ಯಮಾಡಿದರು. 1885ರಲ್ಲಿ ವಿಪ್ಪೆಟ್ ಎಂಬ ಸೈಕಲ್ಲಿನ ಚೌಕಟ್ಟಿಗೇ ಸ್ಪ್ರಿಂಗನ್ನು ಜೋಡಿಸಿದರು. 1888ರಲ್ಲಿ ಡನ್‌ಲಪ್ಪನು ಗಾಳಿಯ ಟೈರನ್ನು ಬಳಕೆಗೆ ತಂದನು. ಕೆಲವೇ ವರ್ಷಗಳಲ್ಲಿ ಇಂಥ ಸ್ಪ್ರಿಂಗು ಚೌಕಟ್ಟುಗಳು ಮೂಲೆ ಸೇರಿದುವು. ವೇಗ ಹೆಚ್ಚಾದ ಮೋಟಾರು ಸೈಕಲ್ಲಿಗೆ ಮಾತ್ರ ಟೈರೊಂದೇ ಸಾಲದಾಯಿತು. ಅಮೆರಿಕದ ಇಂಡಿಯನ್ ಎಂಬ ಕಂಪೆನಿಯವರು 1910ರ ಸುಮಾರಿಗೆ ಮುಂದಿನ ಫೋರ್ಕಿಗೆ ಕಮಾನುಪಟ್ಟಿಯನ್ನು ಹಾಕಿದರು. ಆದಕಾರಣ ಕಮಾನುಪಟ್ಟಿಯ ಫೋರ್ಕು ಹೊಸ ಶೋಧನೆಯೆಂಬ ಮಾತು ಚರಿತ್ರೆಗೆ ಸಮ್ಮತವಲ್ಲ.

ಮಂಡ್ಯದ ಹಳ್ಳಿಗಳಲ್ಲಿ ಹಾಲಿನ ಕ್ಯಾನುಗಳನ್ನೂ ಹುಲ್ಲಿನ ಹೊರೆಯನ್ನೂ ಹೊತ್ತ ಕಪ್ಪು ಸೈಕಲ್ಲಿಗೆ ಫೋರ್ಕಿನಲ್ಲಿ ಯಾವ ಸ್ಪ್ರಿಂಗೂ ಇರಲಿಲ್ಲ. ಮದರಾಸಿನ ಟಿ. ಐ. ಸೈಕಲ್ಸ್ 1949ರಲ್ಲಿ, ಅಸನ್ಸೋಲಿನ ಸೆನ್‌ರ್ಯಾಲೆ 1952ರಲ್ಲಿ ಸೈಕಲ್ಲುಗಳನ್ನು ತಯಾರಿಸಲಾರಂಭಿಸಿದ ಮೇಲೆ ಈ ಬಗೆಯ ಸೈಕಲ್ಲು ರೈತನ ಕೈಗೆಟುಕಿತು. ಇದರ ಅಳತೆಗಳನ್ನು ಕೊಂಚ ನೋಡಬೇಕು. ಟೈರು 28 ಅಂಗುಲ ವ್ಯಾಸ, ಒಂದೂವರೆ ಅಂಗುಲ ಅಗಲ, ಎಂದರೆ 38 ರಿಂದ 40 ಮಿಲಿಮೀಟರು. ಇಂದಿನ ಗ್ರಾವೆಲ್ ಸೈಕಲ್ಲಿಗೆ ಹಾಕುವ ಟೈರಿನ ಅಗಲವೂ ಸಾಮಾನ್ಯವಾಗಿ 40 ರಿಂದ 50 ಮಿಲಿಮೀಟರು. ಫೋರ್ಕು ಮುಂದಕ್ಕೆ ಚೆನ್ನಾಗಿ ಬಾಗಿದ್ದು, ಚಕ್ರಗಳ ನಡುವಣ ಅಂತರ ಉದ್ದವಾಗಿದ್ದು, ಚರ್ಮದ ಆಸನದ ಕೆಳಗೆ ಸುರುಳಿ ಸ್ಪ್ರಿಂಗುಗಳಿದ್ದುವು. ಹೆಸರೊಂದನ್ನು ಬಿಟ್ಟರೆ ಅದು ಜಲ್ಲಿಹಾದಿಯ ಸೈಕಲ್ಲೇ. ತೂಕ ಮಾತ್ರ ಇಂದಿನದರ ಇಮ್ಮಡಿಯಷ್ಟು. ಎದುರುಗಾಳಿಯಲ್ಲಿ ಮಳವಳ್ಳಿಯ ಏರನ್ನು ಹತ್ತಿದವರು ಆ ತೂಕವನ್ನು ಮರೆಯಲಾರರು.

ಹೊಸ ಫೋರ್ಕಿನ ಕಥೆ ಐಸ್‌ಲೆಂಡಿನಿಂದ ಪ್ರಾರಂಭವಾಗುತ್ತದೆ. 2011ರ ಸುಮಾರಿಗೆ ಅಲ್ಲಿ ಸ್ಥಾಪಿತವಾದ ಲೌಫ್ ಎಂಬ ಕಂಪೆನಿಯು, ಉಕ್ಕಿನ ಬದಲು ಗಾಜಿನ ನಾರಿನ ತೆಳುಪಟ್ಟಿಗಳಿಂದ ಮುಂಚಕ್ರವನ್ನು ಫೋರ್ಕಿಗೆ ತೂಗಿಬಿಡುವ ಏರ್ಪಾಟನ್ನು ಮಾಡಿತು. ಆ ದೇಶದ ಭಾಷೆಯಲ್ಲಿ ಲೌಫ್ ಎಂದರೆ ಎಲೆಯೇ. ಮೊದಲು ಗುಡ್ಡಗಾಡಿನ ಸೈಕಲ್ಲಿಗೆಂದು ಹುಟ್ಟಿದ ಈ ಫೋರ್ಕು 2016ರಲ್ಲಿ ಗ್ರಾವೆಲ್ ಸೈಕಲ್ಲಿಗೆ ತಕ್ಕ ರೂಪವನ್ನು ಪಡೆಯಿತು. ಅದರಲ್ಲಿ ಚಕ್ರವು ಮೇಲಕ್ಕೆ ಸರಿಯುವ ದೂರ ಕೇವಲ 30 ಮಿಲಿಮೀಟರು, ತೂಕ 900 ಗ್ರಾಮಿನ ಆಸುಪಾಸು. ಏನೂ ಬಾಗದ ಕಾರ್ಬನ್ ಫೋರ್ಕು ಇದರ ಅರ್ಧದಷ್ಟು ತೂಗುತ್ತದೆ. ಕೊಳವೆಯ ಬಗೆಯ ಫೋರ್ಕು ಇದಕ್ಕಿಂತ ಸಾಮಾನ್ಯವಾಗಿ ಭಾರ.

ಇದರ ಗುಣಗಳಲ್ಲಿ ನಮ್ಮ ಸೀಮೆಗೆ ಅತ್ಯಂತ ಪ್ರಸ್ತುತವಾದದ್ದು, ಜಾರುವ ಭಾಗಗಳು ಇಲ್ಲದಿರುವುದು. ಕೊಳವೆಯ ಫೋರ್ಕಿಗೆ ಎಣ್ಣೆಯೂ ರಬ್ಬರಿನ ಬಿರಡೆಗಳೂ ಬೇಕು. ಬೇಸಿಗೆಯ ಕೆಂಧೂಳೂ ಮಳೆಗಾಲದ ನಾಲೆಯ ಕೆಸರೂ ಅವುಗಳ ಶತ್ರುಗಳು. ಅವನ್ನು ಬಿಚ್ಚಿ ತೊಳೆದು ಕಟ್ಟಬಲ್ಲವರು ತಾಲ್ಲೂಕು ಊರುಗಳಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ. ಪಟ್ಟಿಯ ಫೋರ್ಕಾದರೋ ನೀರೆರಚಿದರೆ ಶುಭ್ರವಾಗುತ್ತದೆ. ಎರಡನೆಯದಾಗಿ, ಜಾರುವ ಕೊಳವೆಗಳಲ್ಲಿ ಮೊದಲು ಒಂದು ಬಿಗಿತವನ್ನು ದಾಟಿಯೇ ಚಲನೆ ಪ್ರಾರಂಭವಾಗಬೇಕು. ಪಟ್ಟಿಯು ತೀರ ಸಣ್ಣ ಕುಲುಕಿಗೂ ಬಾಗುತ್ತದೆ. ಗರಸಿನ ದಾರಿಯಲ್ಲಿ ಟ್ರ್ಯಾಕ್ಟರುಗಳ ಓಡಾಟದಿಂದ ಏಳುವ ತೊಳೆಯುವ ಹಲಗೆಯಂಥ ಸಾಲುಗಳ ಮೇಲೆ ಗಂಟೆಗಟ್ಟಲೆ ಹೋಗುವವನ ಅಂಗೈ ಮರಗಟ್ಟದಿರಲು ಇದು ನೆರವಾಗುವುದು. ಅಮೆರಿಕದ ಕ್ಯಾನ್ಸಸ್ ಪ್ರಾಂತದಲ್ಲಿ 2006ರಿಂದ ನಡೆದುಬಂದಿರುವ 200 ಮೈಲಿಯ ಜಲ್ಲಿಹಾದಿಯ ಪಂದ್ಯದಂಥ ಸನ್ನಿವೇಶಗಳಿಗೆ ಈ ಗುಣ ಬಹಳ ಬೆಲೆಯುಳ್ಳದ್ದು.

ದೋಷಗಳೂ ಅಲ್ಪವಲ್ಲ. ಜಟಕಾದ ಪಟ್ಟಿಯಲ್ಲಿ ಉಜ್ಜಾಟವಾದರೂ ಇದ್ದಿತು. ಗಾಜಿನ ನಾರಿನ ಪಟ್ಟಿಗಳು ಬಿಡಿಬಿಡಿಯಾಗಿರುವುದರಿಂದ ಆ ಅಡಕವೂ ಇಲ್ಲ. ಚಲನೆ ಸ್ವಲ್ಪವೇ ಆದ್ದರಿಂದ ಪುಟಿತವನ್ನು ಅಡಗಿಸಬೇಕಾಗಿಲ್ಲವೆಂಬುದು ಅದರ ಪಕ್ಷದವರ ವಾದ. ಬಿಡಿಬಿಡಿ ಕಲ್ಲುಗಳ ವಿಷಯದಲ್ಲಿ ಅದು ಸರಿಯಿರಬಹುದು. ಒಂದೇ ಅಂತರದಲ್ಲಿ ಬರುವ ದಿಣ್ಣೆಗಳ ಮೇಲೆ, ಅಥವಾ ನಿಂತು ಬಲವಾಗಿ ತುಳಿಯುವಾಗ, ಮುಂಭಾಗವು ಲಯ ಹಿಡಿದು ಕುಣಿಯುವುದನ್ನು ಈ ವಾದ ನಿವಾರಿಸಲಾರದು. ಬೇಡವಾದಾಗ ಚಲನೆಯನ್ನು ಬಿಗಿದು ನಿಲ್ಲಿಸುವ ಕೀಲಿಯೂ ಇದರಲ್ಲಿಲ್ಲ. ಸವಾರನ ತೂಕಕ್ಕೆ ತಕ್ಕ ಪಟ್ಟಿಯನ್ನು ಕೊಳ್ಳುವಾಗಲೇ ಆರಿಸಬೇಕು. ಹಿಂದೆ ಮುಂದೆ ಸಾಮಾನು ಕಟ್ಟಿದರೆ ಆ ಆಯ್ಕೆ ಕೆಡುತ್ತದೆ. ಇವೆಲ್ಲಕ್ಕಿಂತ ಗಂಭೀರವಾದದ್ದು, ಪಟ್ಟಿಗಳು ಕೊಂಚ ಪಕ್ಕಕ್ಕೂ ಮಣಿಯುವುವೆಂದು ಬಳಸಿದವರಲ್ಲಿ ಕೆಲವರು ಎತ್ತಿರುವ ಆಕ್ಷೇಪ. ಬಯಲಿನ ರಸ್ತೆಯಲ್ಲಿ ಇದು ಸಣ್ಣ ಮಾತು. ತಡೆಗೋಡೆಯಿಲ್ಲದ ನಾಲೆಯ ಏರಿಯ ಮೇಲೆ ಎದುರಿಗೆ ಟ್ರ್ಯಾಕ್ಟರು ಬಂದಾಗ, ತಡೆ ಒತ್ತಿ ಅಂಚಿಗೆ ತಿರುಗಿಸುವವನಿಗೆ ಮುಂಚಕ್ರ ತಾನು ಹೇಳಿದಲ್ಲಿಗೇ ಹೋಗುವುದೆಂಬ ಭರವಸೆ ಬೇಕು. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸೊಂದು ಈ ನಾಲೆಗೆ ಬಿದ್ದು 30 ಜನರು ಸತ್ತರು. ಏರಿಯ ಅಂಚು ಎಂಥದೆಂಬುದನ್ನು ಈ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ನಾಲೆಯ ಏರಿಯನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿಯೇ ಉದ್ಘಾಟಿಸಲಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರು, ಮೋಟಾರಿಲ್ಲದ ವಾಹನಗಳಿಗೆ ಪ್ರವೇಶ ನಿಂತಿತು. ಅಲ್ಲಿನ ವೇಗವನ್ನು ನೋಡಿದರೆ ಈ ನಿಷೇಧವನ್ನು ಅನುಚಿತವೆನ್ನಲಾಗದು. ಆದರೆ ಕಬ್ಬನ್‌ನ ಕಾಲದಿಂದ ಗಾಡಿ, ಜಟಕಾ, ಸೈಕಲ್ಲುಗಳೆಲ್ಲ ಮೋಟಾರಿನೊಡನೆ ಹಂಚಿಕೊಂಡಿದ್ದ ಮಾರ್ಗವು ಹೀಗೆ ಎರಡಾಗಿ ಸೀಳಿ, ನಿಧಾನವಾಗಿ ಹೋಗುವವರೆಲ್ಲ ಪಕ್ಕದ ರಸ್ತೆಗೂ ಹಳ್ಳಿಯ ದಾರಿಗೂ ಏರಿಗೂ ಸರಿದರು. ವಿನೋದಕ್ಕಾಗಿ ಬರುವ ನಗರದ ಸವಾರನೂ, ಹಾಲು ಹಾಕಲು ಹೋಗುವ ಹಳ್ಳಿಯವನೂ ಈಗ ಒಂದೇ ಗರಸಿನ ಮೇಲೆ ಹೋಗುತ್ತಾರೆ. ಒಬ್ಬನಿಗೆ ಯಾವ ಫೋರ್ಕು ಕೊಳ್ಳಲಿ ಎಂಬ ಚಿಂತೆ. ಮತ್ತೊಬ್ಬನು ಚಿಂತಿಸುವುದು ಗುಂಡಿ ಯಾವಾಗ ಮುಚ್ಚುವರೆಂದು.

ನಮ್ಮ ನಿರ್ಣಯವನ್ನು ಹೇಳುವುದಾದರೆ, ಈ ಸೀಮೆಯಲ್ಲಿ ಕಮಾನುಪಟ್ಟಿಯು ಗೆದ್ದದ್ದು ಚಕ್ರ ಗಡುಸಾಗಿದ್ದಲ್ಲಿ ಅಥವಾ ವೇಗ ಹೆಚ್ಚಾಗಿದ್ದಲ್ಲಿ. ಚಕ್ರ ಮೆತ್ತಗಾಗಿ ವೇಗ ಸಾಧಾರಣವಾಗಿದ್ದಲ್ಲೆಲ್ಲ ಗಾಳಿಯ ಟೈರೇ ಅದರ ಕೆಲಸವನ್ನು ಕಡಮೆ ಖರ್ಚಿನಲ್ಲಿ ಮಾಡಿತು. ಆದಕಾರಣ ಜಲ್ಲಿಹಾದಿಯ ಸೈಕಲ್ಲಿಗೆ ಮೊದಲು ಅಗಲವಾದ ಟೈರನ್ನು ಹಾಕಿ, ಗಾಳಿಯನ್ನು ಹದಕ್ಕೆ ಇಳಿಸಿ ನೋಡತಕ್ಕದ್ದು. ಅದಾದ ಮೇಲೂ ದಿನವಿಡೀ ಗರಸಿನ ಮೇಲೆ ಓಡಿಸಬೇಕಾದವನಿಗೆ, ರಿಪೇರಿಯ ತೊಡಕು ಬೇಡವೆನ್ನುವವನಿಗೆ, ಪಟ್ಟಿಯ ಫೋರ್ಕು ಕೊಳವೆಯದಕ್ಕಿಂತ ಯುಕ್ತವೆಂದು ತೋರುತ್ತದೆ. ಮದ್ದೂರಿನಿಂದ ಮಳವಳ್ಳಿಗೆ ಡಾಮರಿನ ಮೇಲೆ ಹೋಗುವವನಿಗೆ ಎರಡೂ ಅನವಶ್ಯಕ. ಕೈ ಹಗುರವಾಯಿತೆಂದು ಏರಿಯ ಮೇಲೆ ವೇಗ ಹೆಚ್ಚಿಸುವವನು ಟೈರುಗಾಡಿಗೆ ಇಮ್ಮಡಿ ಹೇರಿದವರ ಲೆಕ್ಕವನ್ನೇ ಮಾಡುತ್ತಿದ್ದಾನೆ.

ಕಮಾನುಪಟ್ಟಿಯ ಆಯುಸ್ಸಿನ ಬಗೆಗೆ ಒಂದು ಸಂಗತಿ ಉಳಿದಿದೆ. ಲಾರಿಯ ಪಟ್ಟಿ ಸವೆದೋ ಮುರಿದೋ ಗುಜರಿಗೆ ಬಂದರೆ ಅದರ ಉಪಯೋಗ ಅಲ್ಲಿಗೆ ಮುಗಿಯುವುದಿಲ್ಲ. ಕಮ್ಮಾರರು ಅದನ್ನು ಕೊಂಡು, ಕುಲುಮೆಯಲ್ಲಿ ಕಾಯಿಸಿ ಬಡಿದು, ಮಚ್ಚುಗಳನ್ನೂ ಕುಡುಗೋಲುಗಳನ್ನೂ ಮಾಡುತ್ತಾರೆ. ಆ ಉಕ್ಕು ಅಂಚನ್ನು ಚೆನ್ನಾಗಿ ಹಿಡಿಯುತ್ತದೆ. ಕಬ್ಬಿನ ಹೇರನ್ನು ಹೊತ್ತ ಪಟ್ಟಿಯೇ ಹೀಗೆ ಕಬ್ಬು ಕಡಿಯುವ ಮಚ್ಚಾಗಿ ಗದ್ದೆಗೆ ಹಿಂದಿರುಗುವುದುಂಟು. ಗಾಜಿನ ನಾರಿನ ಪಟ್ಟಿ ಕುಲುಮೆಗೆ ಬಾರದು. ಅದು ಸೀಳಿದರೆ ಹೊಸದನ್ನು ಹೊರದೇಶದಿಂದ ತರಿಸಬೇಕು, ಹಳೆಯದನ್ನು ತಿಪ್ಪೆಗೆ ಎಸೆಯಬೇಕು. ಬೆಲೆಯ ಪಟ್ಟಿಯಲ್ಲಿ ಈ ಲೆಕ್ಕವನ್ನು ನಮೂದಿಸಿರುವುದಿಲ್ಲ.